ಸ್ಪಷ್ಟನೆ: ಲೇಸರ್ ಪಾಯಿಂಟರ್‌ನಿಂದ ಎಕ್ಸ್-ರೇ ಹುಟ್ಟುವುದಿಲ್ಲ

"ಅನಿಲದ ಮೇಲೆ ಲೇಸರ್ ಬಿಟ್ಟರೆ ಎಕ್ಸ್-ರೇ ಬರುತ್ತದೆ, ಹಾಗಾಗಿ ಗಾಳಿಯಲ್ಲಿ ಲೇಸರ್ ಪಾಯಿಂಟರ್ ಬೆಳಗಿಸುವುದೂ ಅಪಾಯ" ಎಂಬ ಸಂದೇಶ ಹರಿದಾಡುತ್ತಿದೆ. ಮೊದಲ ಮಾತಿನಲ್ಲಿ ಸತ್ಯಾಂಶವಿದೆ. ಎರಡನೆಯದು ಪೂರ್ತಿ ತಪ್ಪು, ಜನರನ್ನು ಸುಮ್ಮನೆ ಹೆದರಿಸುವಂಥದ್ದು.

ಪ್ರಯೋಗಾಲಯದಲ್ಲಿ ನಿರ್ವಾತ ಕೋಣೆಯೊಳಗೆ ಹೀಲಿಯಂನಂಥ ಅನಿಲವನ್ನು ಸಣ್ಣ ನಳಿಕೆಯಿಂದ ಚಿಮ್ಮಿಸುತ್ತಾರೆ. ಅದರ ಮೇಲೆ ಬೀಳುವ ಲೇಸರ್ ಮಿಡಿತ ಕೆಲವು ಹತ್ತು ಫೆಮ್ಟೊಸೆಕೆಂಡು ಮಾತ್ರ ಇರುತ್ತದೆ, ಅಂದರೆ ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಅದರ ತೀವ್ರತೆ ಚದರ ಸೆಂಟಿಮೀಟರಿಗೆ 10ರ ಘಾತ 18 ವ್ಯಾಟ್‌ನಷ್ಟಿರುತ್ತದೆ. ಅನಿಲ ಕ್ಷಣದಲ್ಲೇ ಪ್ಲಾಸ್ಮಾ ಆಗುತ್ತದೆ, ಅಂದರೆ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬಂದು ಬಿಡಿಯಾಗುತ್ತವೆ. ದೋಣಿಯ ಹಿಂದೆ ಅಲೆ ಏಳುವಂತೆ ಮಿಡಿತದ ಹಿಂದೆ ಪ್ಲಾಸ್ಮಾದ ಅಲೆ ಏಳುತ್ತದೆ. ಅದರಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಕೆಲವೇ ಮಿಲಿಮೀಟರುಗಳಲ್ಲಿ ಬೆಳಕಿನ ವೇಗಕ್ಕೆ ತೀರ ಸಮೀಪ ಬಂದು, ಅತ್ತಿತ್ತ ತೂಗಾಡುತ್ತ ಎಕ್ಸ್-ರೇ ಸೂಸುತ್ತವೆ. ಇದು ನಿಜಕ್ಕೂ ಬೆರಗಿನ ಸಂಗತಿ. ಗಮನಿಸಬೇಕಾದದ್ದು, ಇಲ್ಲಿ ಎಕ್ಸ್-ರೇ ಸೂಸುವುದು ಎಲೆಕ್ಟ್ರಾನು, ಲೇಸರ್ ಅಲ್ಲ.

ಸಂದೇಶದಲ್ಲಿ 2023ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನೂ ಎಳೆದು ತರಲಾಗಿದೆ. ಆನ್ ಲುಯಿಲಿಯೆ, ಪಿಯೆರ್ ಅಗೋಸ್ಟಿನಿ, ಫೆರೆಂಕ್ ಕ್ರೌಸ್ ಅವರಿಗೆ ಅದು ದೊರೆತದ್ದು ಅಟೊಸೆಕೆಂಡ್ (ಫೆಮ್ಟೊಸೆಕೆಂಡಿನ ಸಾವಿರದ ಒಂದು ಭಾಗ) ಬೆಳಕಿನ ಮಿಡಿತಗಳ ಪ್ರಯೋಗಗಳಿಗಾಗಿ. ಅಲ್ಲಿಯೂ ಅನಿಲ, ಲೇಸರ್ ಇವೆ; ಪ್ರಕ್ರಿಯೆ ಮಾತ್ರ ಬೇರೆ.

ಸಾಮಾನ್ಯ ಪಾಯಿಂಟರ್‌ನ ಶಕ್ತಿ ಕೆಲವೇ ಮಿಲಿವ್ಯಾಟ್. ಅದು ಗಾಳಿಯಿಂದ ಒಂದು ಎಲೆಕ್ಟ್ರಾನನ್ನೂ ಕಿತ್ತುಹಾಕಲಾರದು. ಅದರಿಂದ ಕಾಪಾಡಿಕೊಳ್ಳಬೇಕಾದದ್ದು ಕಣ್ಣನ್ನು: ಕಿರಣವನ್ನು ನೇರವಾಗಿ ದಿಟ್ಟಿಸಬೇಡಿ.