ಊರೆಲ್ಲ ಗಾಳಿ, ನನ್ನ ಚಕ್ರಕ್ಕಿಲ್ಲ

ಬೆಂಗಳೂರಿನ ತುರಹಳ್ಳಿ ಕಾಡಿನ ಬಂಡೆಯಿಂದ ಇಳಿಯುವಾಗ ಸೈಕಲ್ಲಿನ ಹಿಂದಿನ ಚಕ್ರ ಮೆತ್ತಗಾಯಿತು. ಮುಳ್ಳು. ಟ್ಯೂಬ್ ಬದಲಾಯಿಸಿದೆ, ಅದೇನೂ ದೊಡ್ಡ ಕೆಲಸವಲ್ಲ. ಪಂಪ್ ಮಾತ್ರ ಮನೆಯಲ್ಲಿತ್ತು. ಬಾಯಲ್ಲೇ ಊದಿ ಟ್ಯೂಬ್‌ಗೆ ಸ್ವಲ್ಪ ಆಕಾರ ಬರಿಸಿ, ತಳ್ಳಿಕೊಂಡು ಕನಕಪುರ ರಸ್ತೆಗೆ ಬಂದೆ. ಅಲ್ಲಿ ಪೆಟ್ರೋಲ್ ಬಂಕು, ಪಂಕ್ಚರ್ ಅಂಗಡಿಗಳಿಗೇನು ಬರ? ಆದರೆ ನನ್ನ ಟ್ಯೂಬಿನದು ಪ್ರೆಸ್ಟಾ ವಾಲ್ವ್, ಸಪೂರ ಮೂತಿಯದು; ಅವರ ಪಂಪು ಅದಕ್ಕೆ ಕೂರಲ್ಲ!

‘ಇದೇನ್ ಸಾರ್, ಪೆನ್ ರೀಫಿಲ್ ಇದ್ದಂಗೈತೆ?’ ಅಂದ ಅಂಗಡಿಯ ಹುಡುಗ. ತುದಿಯ ಪುಟ್ಟ ತಿರುಪು ಸಡಿಲಿಸಿ ಬೆರಳಿಂದ ಒತ್ತಿದ. ಪುಸ್. ನಾನು ಊದಿದ್ದೂ ಹೋಯಿತು.

ಡಾಂಬರು ರಸ್ತೆಯ ಸೈಕಲ್ಲಿನ ಕಿರಿದಾದ ರಿಮ್‌ನಲ್ಲಿ ವಾಲ್ವಿಗೆ 8 ಮಿಲಿಮೀಟರ್ ತೂತು ಜಾಸ್ತಿ, ಪ್ರೆಸ್ಟಾಗೆ ಬೇಕಾದ 6 ಸಾಕು ಅಂತಾರೆ. ಒಪ್ಪಿದೆ. ನನ್ನ ರಿಮ್ ಎರಡು ಬೆರಳಗಲ ಇದೆ ಅಲ್ವಾ? ಸ್ಕೂಟರ್‌ಗೂ ಕಾರಿಗೂ ಇರುವ ಶ್ರೇಡರ್ ವಾಲ್ವನ್ನೇ ಹಾಕಿದ್ದರೆ ಯಾರ ಗಂಟು ಹೋಗುತ್ತಿತ್ತು?

‘ಅಡಾಪ್ಟರ್ ಇಟ್ಕೊಳ್ಳೋ’ ಅಂತ ಗೆಳೆಯರು ಸುಲಭವಾಗಿ ಹೇಳುತ್ತಾರೆ. ಪ್ರೆಸ್ಟಾ ಮೇಲೆ ತಿರುಗಿಸಿದರೆ ಬಂಕಿನ ಪಂಪೂ ಕೂರುವ, ಕಡಲೆಕಾಳಿನಷ್ಟು ಹಿತ್ತಾಳೆ ಚೂರು ಅದು. ನಾಲ್ಕು ಕೊಂಡಿದ್ದೇನೆ. ಒಂದು ವಾಷಿಂಗ್ ಮೆಷಿನ್ನಿನಲ್ಲಿ ಸಿಕ್ಕಿತು, ಉಳಿದ ಮೂರು ಇನ್ನೂ ಸಿಕ್ಕಿಲ್ಲ.