ಆದೋನಿ ಮೇಲಿಂದ ಹೋಗುವ ಗೆರೆ

'ಕಾಕಾ, ಕಲಬುರಗಿಯಿಂದ ಬೆಂಗಳೂರು 460 ಕಿಲೋಮೀಟರ್. ವಿಮಾನದಾಗ ಬರೇ ಒಂದು ತಾಸು ಹತ್ತು ನಿಮಿಷ ನೋಡ್ರಿ' ಎಂದು ಅಣ್ಣನ ಮಗ ಊಟದ ನಡುವೆ ಫೋನ್ ಮುಂದೆ ಹಿಡಿದ. ರೊಟ್ಟಿ ಮುರಿಯುತ್ತಿದ್ದ ನನಗೆ ಸುಮ್ನೆ ಸಿಟ್ಟು ಬಂತು. ಯಾರ ಒಂದು ತಾಸು ಅದು? ಊರಿಂದ ಸರಡಗಿ ಕಡೆಯ ನಿಲ್ದಾಣಕ್ಕೆ ಹೋಗುವುದು ಅದರಲ್ಲಿಲ್ಲ. ಬೆಲ್ಟ್ ಬಿಚ್ಚಿ ಟ್ರೇಗೆ ಹಾಕಿ, ಒಂದು ಕೈಯಲ್ಲಿ ಪ್ಯಾಂಟು ಹಿಡಿದು ನಿಲ್ಲುವುದಿಲ್ಲ. ದೇವನಹಳ್ಳಿಯಲ್ಲಿ ಇಳಿದು ಹೆಬ್ಬಾಳ ದಾಟುವುದಂತೂ ಇಲ್ಲವೇ ಇಲ್ಲ.

ಆ ಫೋನಿಗೆ ವಿಮಾನ ಇದೆಯೋ ಇಲ್ಲವೋ ಅನ್ನುವ ಚಿಂತೆಯೂ ಇಲ್ಲ. ಎರಡು ನಿಲ್ದಾಣದ ಹೆಸರು ಕೊಟ್ಟರೆ ಸಾಕು, ಗೆರೆ ಎಳೆದು ಲೆಕ್ಕ ಒಪ್ಪಿಸುತ್ತದೆ. ಬೀದರ್ ಎಂದು ಒತ್ತಿಸಿದೆ. ಸುಮಾರು 90 ಕಿಲೋಮೀಟರ್, ನಲವತ್ತು ನಿಮಿಷವೂ ಬೇಡವಂತೆ! 2017ರಿಂದ ರೈಲಿದೆ, ಹುಮನಾಬಾದ್ ಮೇಲೆ ಬಸ್ಸಿದೆ. ವಿಮಾನದಲ್ಲಿ ಹೋದವರನ್ನು ಮಾತ್ರ ನಾನು ಕಂಡಿಲ್ಲ.

ಅಷ್ಟರಲ್ಲಿ ನಮ್ಮ ಮಾಮಾ ಕನ್ನಡಕ ಏರಿಸಿ ಫೋನ್ ಇಸಿದುಕೊಂಡರು. ಅವರು ಒಂದು ಕಾಲದಲ್ಲಿ ಹತ್ತಿ ದಲಾಲಿ ಮಾಡಿದವರು. ನಕಾಶೆಯಲ್ಲಿ ಬೆಂಗಳೂರಿನ ಗೆರೆಯ ಮೇಲೆ ಬೆರಳಿಟ್ಟು ರಾಯಚೂರಿನ ಮಗ್ಗುಲಿಂದ ಕೆಳಗೆ ಎಳೆಯುತ್ತಾ ಬಂದವರು ಒಮ್ಮೆಲೇ ನಿಂತರು.

'ಇದು ಆದೋನಿ ಅಲ್ಲೇನೋ ತಮ್ಮ?'

ಆಂಧ್ರದ ಆದೋನಿಯೇ. ಅಲ್ಲಿಂದ ಅನಂತಪುರ ಜಿಲ್ಲೆ, ಆಮೇಲೆ ಬೆಂಗಳೂರು. ಉದ್ಯಾನ್ ಎಕ್ಸ್‌ಪ್ರೆಸ್ಸಿನ ದಾರಿಯೂ ಹೆಚ್ಚು ಕಡಿಮೆ ಇದೇ: ವಾಡಿ, ಯಾದಗಿರಿ, ರಾಯಚೂರು, ಆದೋನಿ, ಗುಂತಕಲ್. ಮುಗಿಯಿತು. ಮಾಮಾ ಅವರ ಆದೋನಿ ಹತ್ತಿ ಪೇಟೆಯ ಕತೆ ಶುರುವಾಯಿತು. ಹತ್ತಿ ತುಂಬಿದ ಅಂಡಿಗೆ ಚೀಲದೊಳಗೆ ಮೊಳಕೈತನಕ ಕೈ ತೂರಿಸಿ, ನಡುವಿನ ಹತ್ತಿ ಎಳೆದು, ಹೆಬ್ಬೆರಳಲ್ಲಿ ಎಳೆಯ ಉದ್ದ ನೋಡುವುದು ಹೇಗೆ ಎಂದು ತೋರಿಸಲು ನಮ್ಮ ದಿಂಬಿನ ಹೊಲಿಗೆ ಬಿಚ್ಚಿದರು. ಮೇಲೆ ಒಣಗಿದ್ದು, ಒಳಗೆ ನೀರು ಹೊಡೆದದ್ದು ಇಟ್ಟು ಮಾರುವವರನ್ನು ಬೈದರು. ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾತಾಡುವುದನ್ನು ಹುಡುಗನ ಕೈಮೇಲೆಯೇ ಮಾಡಿ ತೋರಿಸಿದರು. ಅವನಿಗೆ ಏನೂ ತಿಳಿಯಲಿಲ್ಲ. ಆದರೂ ಯಾವುದೋ ದರಕ್ಕೆ ಒಪ್ಪಿಕೊಂಡ. ಸಾರು ಆರಿತು. ನಮ್ಮಾಕಿ ದಿಂಬನ್ನು ನೋಡಿದಳು, ನನ್ನನ್ನೂ ನೋಡಿದಳು.

'ಆದೋನಿ ಮ್ಯಾಲಿಂದನ ಹೋಗ್ತದ, ಇಳಿಸೂದಿಲ್ಲ ಅಂದ್ರ ಅದ್ಯಾವ ಗಾಡಿ?' ಅಂದರು ಮಾಮಾ.

ನಮ್ಮ ನಿಲ್ದಾಣ ಶುರುವಾದದ್ದು 2019ರ ನವೆಂಬರ್ 22ಕ್ಕೆ. ರನ್‌ವೇ ಮೂರು ಕಿಲೋಮೀಟರಿಗಿಂತ ಜಾಸ್ತಿ ಉದ್ದ ಎಂದು ನಾವೆಲ್ಲ ಎದೆ ಉಬ್ಬಿಸಿದವರೇ. ಉದ್ದ ಯಾರಿಗೆ ಬೇಕ್ರೀ? ಟಿಕೆಟ್ ತೆಗೆದ ಮೇಲೆ 'ವೇಳೆ ಬದಲಾಗಿದೆ' ಎಂಬ ಮೆಸೇಜು ಬರದಿದ್ದರೆ ಸಾಕು. ದೊಡ್ಡ ಊರಿನವರಿಗೆ ಒಂದು ವಿಮಾನ ತಪ್ಪಿದರೆ ಇನ್ನೊಂದು. ನಮಗೆ ತಪ್ಪಿದರೆ ಉದ್ಯಾನ್, ಅದರಲ್ಲೂ ವೇಟಿಂಗ್ ಲಿಸ್ಟ್. ಇದನ್ನು ಯಾವ ಗೆರೆಯಲ್ಲಿ ಕೂಡಿಸುತ್ತೀರಿ?

ಇದರ ಬಗ್ಗೆ ಹುಡುಗನಿಗೆ ಒಂದು ಗಟ್ಟಿ ಮಾತು ಹೇಳೋಣ ಎಂದಿದ್ದೆ. ಆದರೆ ಮಾಮಾ ಆಗಲೇ ಫೋನಿನಲ್ಲಿ ಕಲಬುರಗಿಯಿಂದ ಆದೋನಿಗೆ ಎಷ್ಟು ಹೊತ್ತು ಎಂದು ಕೇಳುತ್ತಿದ್ದರು. ಅಲ್ಲಿ ವಿಮಾನ ನಿಲ್ದಾಣವೇ ಇಲ್ಲ ಎಂದು ಇಬ್ಬರೂ ಹೇಳಿದೆವು. ಕೇಳಲಿಲ್ಲ.