ನಾಲ್ಕು ಮೀಟರಿನೊಳಗಿನ ಸಾಹಸ

ದೆಹಲಿಯ ಪೆಟ್ರೋಲ್ ಬಂಕುಗಳ ಕ್ಯಾಮೆರಾ ಪ್ರಸಂಗವನ್ನು ಓದುಗರು ಇನ್ನೂ ಮರೆತಿರಲಾರರು. ಹತ್ತು ವರ್ಷ ತುಂಬಿದ ಡೀಸೆಲ್ ವಾಹನಕ್ಕೂ ಹದಿನೈದು ತುಂಬಿದ ಪೆಟ್ರೋಲ್ ವಾಹನಕ್ಕೂ 2025ರ ಜುಲೈ 1ರಿಂದ ಇಂಧನ ಹಾಕಕೂಡದೆಂದು ಅಪ್ಪಣೆಯಾಯಿತು. ನಂಬರ್ ಪ್ಲೇಟು ನೋಡಿ ವಯಸ್ಸು ಹೇಳುವ ಕ್ಯಾಮೆರಾ ಬಂತು. ವಯಸ್ಸಾದದ್ದು ಸಿಕ್ಕಿಬಿದ್ದರೆ ಬಂಕಿಗೆಲ್ಲ ಕೇಳುವಂತೆ ಸಾರಲು ಧ್ವನಿವರ್ಧಕವೂ ಬಂತು. ಕೆಲವೇ ದಿನಗಳಲ್ಲಿ ಅಲ್ಲಿನ ಸರ್ಕಾರವೇ ಇದು ಆಗಹೋಗದ ಮಾತೆಂದು ಕೈಚೆಲ್ಲಿತು, ಆಗಸ್ಟ್ 12ರಂದು ಸುಪ್ರೀಂ ಕೋರ್ಟು ಬರೀ ವಯಸ್ಸಿನ ಕಾರಣಕ್ಕೆ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಅಷ್ಟರೊಳಗೆ ಹೆದರಿದವರು ಹೆದರಿ, ಮಾರುವವರು ಮಾರಿ, ಎಂಬತ್ತನಾಲ್ಕು ಲಕ್ಷದ ಬೆಂಜ್ ಎರಡೂವರೆ ಲಕ್ಷಕ್ಕೆ ಹೋಯಿತೆಂಬ ಗೋಳೂ ಪತ್ರಿಕೆಗಳಲ್ಲಿ ಅಚ್ಚಾಗಿತ್ತು.

ಈ ಏರ್ಪಾಡಿನ ಹಿಂದಿನ ವಿವೇಕವನ್ನು ಮೆಚ್ಚದೆ ಇರಲಾಗದು. ಹೊಗೆ ಅಳೆಯಲು ಯಂತ್ರ ಬೇಕು, ಯಂತ್ರದ ಪಕ್ಕದಲ್ಲಿ ಒಬ್ಬ ಪ್ರಾಮಾಣಿಕ ಮನುಷ್ಯ ಬೇಕು. ಜನ್ಮದಿನಾಂಕ ಓದಲು ಎರಡೂ ಬೇಡ. ಹಾಗಾಗಿ 2015ರಲ್ಲಿ ಹಸಿರು ನ್ಯಾಯಮಂಡಳಿ ಹಾಕಿಕೊಟ್ಟ, 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಸೂತ್ರದ ಪ್ರಕಾರ, ನಿವೃತ್ತ ಮೇಷ್ಟರೊಬ್ಬರು ವಾರಕ್ಕೊಮ್ಮೆ ದೇವಸ್ಥಾನಕ್ಕಷ್ಟೇ ಒಯ್ದ ಡೀಸೆಲ್ ಗಾಡಿ ಹತ್ತು ವರ್ಷ ತುಂಬಿದ ಬೆಳಿಗ್ಗೆ ವಿಷವಾಗುತ್ತದೆ. ಊರೆಲ್ಲ ಅಲೆದು ಕಪ್ಪು ಹೊಗೆ ಕಾರುವ ಒಂಬತ್ತು ವರ್ಷದ್ದು ನಿರ್ದೋಷಿಯಾಗಿ ಉಳಿಯುತ್ತದೆ. ವಿಷಕ್ಕೆ ಸರಹದ್ದೂ ಇದೆ. ಯಮುನೆಯ ದಡದಲ್ಲಿ ಉಸಿರುಗಟ್ಟಿಸುತ್ತಿದ್ದ ಫಾರ್ಚುನರ್, ಎಂಡೆವರ್, ಪಜೇರೊಗಳು ನಿರಾಕ್ಷೇಪಣಾ ಪತ್ರ ಹಿಡಿದು ಲಾರಿಯೇರಿ ಬೆಂಗಳೂರಿನಲ್ಲಿ ಇಳಿದೊಡನೆ ಮಲೆನಾಡಿಗೆ ಹೇಳಿಮಾಡಿಸಿದ ಸಾಹಸಿಗಳಾಗಿಬಿಡುತ್ತವೆ. ಮೂಡಿಗೆರೆಯವರ ಶ್ವಾಸಕೋಶದ ಬಗ್ಗೆ ಯಾವ ಆಯೋಗಕ್ಕೂ ಆತಂಕವಿದ್ದಂತಿಲ್ಲ.

ಹಳೆಯ ಎಸ್‌ಯುವಿಯೊಂದನ್ನು ಕೊಂಡು, ಟೆಂಟು ಕಟ್ಟಿಕೊಂಡು, ಶನಿವಾರ ಘಟ್ಟ ಹತ್ತಿ ಭಾನುವಾರ ಇಳಿಯಬೇಕೆಂಬ ಆಸೆ ಈಗ ಬೆಂಗಳೂರಿನ ಪ್ರತಿಯೊಂದು ಅಪಾರ್ಟ್‌ಮೆಂಟಿನಲ್ಲೂ ಇದೆ. ಅಂಥ ಆಸೆಯವರಿಗೆ ದೆಹಲಿಯ ಬೆಲೆ ಬಾಯಲ್ಲಿ ನೀರೂರಿಸುತ್ತದೆ. ಆದರೆ ಗಾಡಿ ಇಲ್ಲಿಗೆ ಬಂದು ಹನ್ನೆರಡು ತಿಂಗಳೊಳಗೆ ಕರ್ನಾಟಕದ ನೋಂದಣಿ ಆಗಬೇಕು, ಅದಕ್ಕೆ ಆಜೀವ ತೆರಿಗೆ ಕಟ್ಟಬೇಕು. ಆ ತೆರಿಗೆಯ ಲೆಕ್ಕ ನೀವು ಕೊಟ್ಟ ಬೆಲೆಯ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ. ವಯಸ್ಸಿಗೆ ತಕ್ಕ ರಿಯಾಯಿತಿ ಇದೆ ನಿಜ, ಆದರೆ ಇಪ್ಪತ್ತು ಲಕ್ಷ ದಾಟಿದ ಕಾರಿಗೆ ಶೇಕಡಾ 18ರಿಂದ ಶುರುವಾಗುವ ಲೆಕ್ಕ ಎಷ್ಟು ಇಳಿದರೂ ಎಷ್ಟಿಳಿದೀತು? ದೆಹಲಿಯ ಲೆಕ್ಕದಲ್ಲಿ ಆಯುಷ್ಯ ಮುಗಿದ ಗಾಡಿಗೆ ಬೆಂಗಳೂರು ಆಜೀವ ತೆರಿಗೆ ಹಾಕುತ್ತದೆ. ಪುನರ್ಜನ್ಮದಲ್ಲಿ ಇಷ್ಟು ದೃಢವಾದ ನಂಬಿಕೆ ಮಠಗಳಲ್ಲೂ ಕಾಣಸಿಗದು.

ಸ್ನೇಹಿತರೊಬ್ಬರ ಜೊತೆ ಇಂಥ ಗಾಡಿಗಳ ಯಾರ್ಡೊಂದಕ್ಕೆ ಹೋಗಿದ್ದೆ. ಬಾನೆಟ್ ಎತ್ತಿದರೆ ಒಳಗೆಲ್ಲ ಪಾಲಿಶ್. ಹತ್ತು ವರ್ಷ ಓಡಿದ ಎಂಜಿನ್ನಿನ ಮೇಲೆ ಒಂದು ಹನಿ ಎಣ್ಣೆಯ ಕಲೆಯಿಲ್ಲ. ಇದು ಶುಭಲಕ್ಷಣವೆಂದು ತಿಳಿಯುವವರು ತಿಳಿಯಲಿ. ಎಲ್ಲಿ ಸೋರುತ್ತಿತ್ತೆಂದು ತಿಳಿಯಬಾರದೆಂದೇ ತೊಳೆದಿರುತ್ತಾರೆ. ಮಾಲೀಕರು ಡಾಕ್ಟರಂತೆ. ಹಳೆಯ ಕಾರುಗಳ ಮಾಲೀಕರೆಲ್ಲ ಡಾಕ್ಟರೇ ಆಗಿರುವುದನ್ನು ಕಂಡಾಗ ಈ ದೇಶದಲ್ಲಿ ವೈದ್ಯರ ಕೊರತೆಯಿದೆಯೆಂಬ ಮಾತನ್ನು ನಂಬಲಾಗುವುದಿಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರ, ಉಳಿದೆರಡು ವರ್ಷ. ಮುಂದಿನ ಎರಡು ಟೈರು ಒಂದು ವರ್ಷದವು, ಹಿಂದಿನವು ಇನ್ನೊಂದು ವರ್ಷದವು, ಸ್ಟೆಪ್ನಿ ಮಾತ್ರ ಗಾಡಿ ಹುಟ್ಟಿದಂದಿನದು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದೆ, ಏಕೆಂದರೆ ನೆರೆಯಲ್ಲಿ ಮುಳುಗಿದ ಗಾಡಿಯ ಕಾರ್ಪೆಟ್ ಬದಲಾಯಿಸುತ್ತಾರೆ, ಬೆಲ್ಟಿನ ತುದಿಯ ಕೆಸರಿನ ಗೆರೆ ಮಾತ್ರ ಹಾಗೆಯೇ ಉಳಿದಿರುತ್ತದೆ. ಅದು ಸ್ವಚ್ಛವಾಗಿತ್ತು. ಆಮೇಲೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ಬೈ ಫೋರ್ ಗೇರಿನ ಸಣ್ಣ ಲಿವರಿಗೆ ಕೈಹಾಕಿ, ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಕಡಿದಾದ ದಾರಿಗೆಂದೇ ಇರುವ ಫೋರ್ ಲೋಗೆ ಎಳೆದರೆ, ಅದು ಅಲ್ಲಾಡಲಿಲ್ಲ. ಯಾರ್ಡಿನವರು ಬಂದು ಎರಡೂ ಕೈಯಲ್ಲಿ ಎಳೆದರು. ಅದು ಅವರಿಗೂ ಬಗ್ಗಲಿಲ್ಲ.

‘ಯೂಸೇ ಮಾಡಿಲ್ಲ ಸಾರ್, ಹೊಸದರ ಹಾಗೇ ಇದೆ’ ಎಂದರು ಅವರು, ಮುಖದಲ್ಲಿ ಹೆಮ್ಮೆ ಇಟ್ಟುಕೊಂಡು.

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಾಡಿಯನ್ನು ಹತ್ತು ವರ್ಷ ಫ್ಲೈಓವರಿನ ಮೇಲೆ ಓಡಿಸಿ ಮಾರುವವರೂ, ಅದನ್ನು ಕೊಂಡು ಮತ್ತೊಂದು ಫ್ಲೈಓವರಿನ ಮೇಲೆ ಓಡಿಸುವವರೂ ಸೇರಿಯೇ ಈ ಮಾರುಕಟ್ಟೆ ನಡೆಯುತ್ತಿದೆ.

ಹಾಗಾದರೆ ಹೊಸದನ್ನೇ ಕೊಳ್ಳಬಾರದೇಕೆ ಎಂದು ಕೇಳಬಹುದು. ಅದಕ್ಕೆ ಉತ್ತರ ಜಿಎಸ್‌ಟಿ ಮಂಡಳಿಯಲ್ಲಿದೆ. ಖಾರಾ ಪಾಪ್‌ಕಾರ್ನಿಗೂ ಕ್ಯಾರಮೆಲ್ ಪಾಪ್‌ಕಾರ್ನಿಗೂ ಇರುವ ಶಾಸ್ತ್ರೀಯ ವ್ಯತ್ಯಾಸವನ್ನು 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನ ಮರಳುಗಾಡಿನಲ್ಲಿ ಕುಳಿತು ವಿವರಿಸಿದ ಘನ ಸಂಸ್ಥೆಯಿದು. ಹಳೆಯ ಕಾರಿನ ವ್ಯಾಪಾರಿಯ ಲಾಭಾಂಶಕ್ಕೆ ಶೇಕಡಾ 18 ಎಂಬ ಏಕರೂಪದ ದರವನ್ನು ಗೊತ್ತುಮಾಡಿದ್ದೂ ಅದೇ ಸಭೆಯಲ್ಲಿ. ಹೆಚ್ಚಿನ ತೆರಿಗೆ ಬೀಳುವ ಎಸ್‌ಯುವಿ ಎಂದರೇನೆಂಬ ತತ್ತ್ವಜಿಜ್ಞಾಸೆಗೂ ಮಂಡಳಿ ಹಿಂದೆಯೇ ಇಳಿದಿತ್ತು. 2022ರ ಡಿಸೆಂಬರಿನಲ್ಲಿ ಅದು ನಾಲ್ಕು ಲಕ್ಷಣ ಹೇಳಿತು: ಎಂಜಿನ್ 1500 ಸಿಸಿ ಮೀರಿರಬೇಕು, ಉದ್ದ 4000 ಮಿಲಿಮೀಟರ್ ದಾಟಿರಬೇಕು, ನೆಲದಿಂದ ಹೊಟ್ಟೆ ಕನಿಷ್ಠ 170 ಮಿಲಿಮೀಟರ್ ಎತ್ತರದಲ್ಲಿರಬೇಕು, ಮತ್ತು ಜನ ಅದನ್ನು ಎಸ್‌ಯುವಿ ಎಂದು ಕರೆಯುತ್ತಿರಬೇಕು. ಕಂಪನಿಗಳು ತಮ್ಮದನ್ನು ಬೇರೆ ಹೆಸರಿನಿಂದ ಕರೆಯತೊಡಗಿದ್ದಕ್ಕೋ ಏನೋ, ಮರುವರ್ಷ ಜುಲೈಯಲ್ಲಿ ‘ಯಾವ ಹೆಸರಿನಿಂದ ಕರೆದರೂ ಸರಿ’ ಎಂದು ತಿದ್ದುಪಡಿಯಾಯಿತು, ಜೊತೆಗೆ ಹೊಟ್ಟೆಯ ಎತ್ತರವನ್ನು ಗಾಡಿಯೊಳಗೆ ಯಾರೂ ಕೂರದಿದ್ದಾಗ ಅಳೆಯಬೇಕೆಂದೂ ಸೇರಿತು. ಸಂಸಾರ ಸಮೇತ ಕುಳಿತಾಗ ಅಳೆದಿದ್ದರೆ ಎಷ್ಟೋ ಎಸ್‌ಯುವಿಗಳು ಸಾಧಾರಣ ಕಾರಾಗಿ ತೆರಿಗೆ ಉಳಿಸುತ್ತಿದ್ದವು.

2025ರ ಸೆಪ್ಟೆಂಬರ್ 22ರಿಂದ ಬಂದ ಹೊಸ ದರಗಳು ಇನ್ನೂ ಸೊಗಸಾಗಿವೆ. ನಾಲ್ಕು ಮೀಟರಿನೊಳಗಿದ್ದು ಡೀಸೆಲ್ ಎಂಜಿನ್ 1500 ಸಿಸಿ ಮೀರದಿದ್ದರೆ ಅಥವಾ ಪೆಟ್ರೋಲ್ ಎಂಜಿನ್ 1200 ಸಿಸಿ ಮೀರದಿದ್ದರೆ ಶೇಕಡಾ 18, ಮೀರಿದರೆ 40. ಮೂರು ಬಾಗಿಲಿನ ಥಾರ್ 3985 ಮಿಲಿಮೀಟರ್ ಉದ್ದವಿದೆ. ಅದರಲ್ಲಿ 1497 ಸಿಸಿಯ ಡೀಸೆಲ್ ಹಾಕಿ, ಹಿಂದಿನ ಎರಡೇ ಚಕ್ರಕ್ಕೆ ಬಲ ಕೊಡುವ ಅವತಾರವೊಂದನ್ನು 2023ರಲ್ಲಿ ತಂದರು. ಅದಕ್ಕೀಗ 18. ಅದೇ ಮೈಕಟ್ಟಿನ, ನಿಜಕ್ಕೂ ಗುಡ್ಡ ಹತ್ತುವ ಫೋರ್ ಬೈ ಫೋರ್ ಡೀಸೆಲ್ಲಿಗೆ 40. ಜಿಮ್ನಿಯೂ ನಾಲ್ಕು ಮೀಟರಿನೊಳಗೇ ಇದೆ, ನಾಲ್ಕೂ ಚಕ್ರ ತಿರುಗಿಸುತ್ತದೆ, ಆದರೆ ಪೆಟ್ರೋಲ್ ಎಂಜಿನ್ 1462 ಸಿಸಿ ಇರುವುದರಿಂದ ಅದಕ್ಕೂ 40. ಕೆಸರಿಗೆ ಇಳಿಯುವವನು ನಲವತ್ತು ಕಟ್ಟಲಿ, ಇಳಿಯುವವನ ಹಾಗೆ ಕಾಣಬಯಸುವವನು ಹದಿನೆಂಟು ಕಟ್ಟಲಿ ಎಂಬ ಈ ನೀತಿಯಲ್ಲಿ ನಮ್ಮ ಜನರ ಮನಸ್ಸನ್ನು ಅರಿತವರ ಕೈವಾಡ ಕಾಣುತ್ತದೆ. ಟಾಟಾದ ಹಳೆಯ ಸಫಾರಿಯಲ್ಲಿ ಬೇಕೆಂದವರಿಗೆ ನಾಲ್ಕು ಚಕ್ರದ ಬಲ ಸಿಗುತ್ತಿತ್ತು. 2021ರಲ್ಲಿ ಅದೇ ಹೆಸರು ಹೊತ್ತು ಬಂದದ್ದಕ್ಕೆ ಮುಂದಿನ ಎರಡೇ ಚಕ್ರದ ಬಲ. ಕೊಳ್ಳುವವರಲ್ಲಿ ಹೆಚ್ಚಿನವರು ಕೇಳಿದ್ದು ಸನ್‌ರೂಫ್ ಇದೆಯೇ ಎಂದು.

ಗಾಡಿ ಕೈಗೆ ಬಂದ ಮೇಲೆ ಅಲಂಕಾರ ಶುರು. ಮುಂದೆ ಕಬ್ಬಿಣದ ಬುಲ್ ಬಾರ್, ಮೇಲೆ ಸಾಲುದೀಪ, ಪಕ್ಕದಲ್ಲಿ ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆದುಕೊಡುವ ಉಸಿರುಕೊಳವೆ, ಹಿಂದೆ ಇಂಧನದ ಡಬ್ಬ, ತಲೆಯ ಮೇಲೆ ಮಡಚುವ ಟೆಂಟು. ಬುಲ್ ಬಾರನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ನಿಷೇಧಿಸಿದೆ. ತಯಾರಕರು ಕೊಟ್ಟ ಮೂಲ ವಿನ್ಯಾಸವನ್ನು ಬದಲಿಸುವಂತಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹಾಗಿದ್ದೂ ಇವೆಲ್ಲವೂ ಜೆ.ಸಿ. ರಸ್ತೆಯಲ್ಲಿ ಹಾಡುಹಗಲೇ ಸಿಗುತ್ತವೆ. ಕೊರಳವರೆಗೆ ನೀರಿರುವ ಹೊಳೆ ದಾಟಲೆಂದು ಮಾಡಿದ ಉಸಿರುಕೊಳವೆಯನ್ನು ನೆಚ್ಚಿಕೊಂಡು ಬೆಂಗಳೂರಿನ ಅಂಡರ್‌ಪಾಸಿಗೆ ಇಳಿಯುವವರನ್ನು ಹುಚ್ಚರೆಂದು ಹೇಳುವ ಧೈರ್ಯ ನನಗಿಲ್ಲ. ಮಳೆಗಾಲದಲ್ಲಿ ಅವರೇ ಜಾಣರು.

ಇಷ್ಟೆಲ್ಲ ಹೊತ್ತ ಗಾಡಿ ಹೋಗುವುದೆಲ್ಲಿಗೆ? ಕಾಯ್ದಿಟ್ಟ ಅರಣ್ಯದೊಳಗೆ ಅನುಮತಿಯಿಲ್ಲದೆ ನುಗ್ಗುವುದು, ಟೆಂಟು ಹಾಕುವುದು, ಬೆಂಕಿ ಹಚ್ಚುವುದು ಅಪರಾಧ, ಮತ್ತು ಹಾಗೆಯೇ ಇರಬೇಕು. ಶೋಲಾ ಹುಲ್ಲುಗಾವಲಿನಲ್ಲಿ ಒಮ್ಮೆ ಬಿದ್ದ ಟೈರಿನ ಗೆರೆ ಮುಂದಿನ ಮಳೆಗೆ ಕೊರಕಲಾಗುತ್ತದೆ. ಮುಳ್ಳಯ್ಯನಗಿರಿಗೆ 2025ರ ಸೆಪ್ಟೆಂಬರಿನಿಂದ ಮುಂಗಡ ನೋಂದಣಿ ಕಡ್ಡಾಯ, ಬೆಳಿಗ್ಗೆ ಆರುನೂರು ವಾಹನ, ಮಧ್ಯಾಹ್ನ ಆರುನೂರು ವಾಹನ. ಅಲ್ಲಿಗೆ ಆಲ್ಟೊ ಕೂಡ ಸಲೀಸಾಗಿ ಹೋಗುತ್ತದೆ. ಮಾಂದಲಪಟ್ಟಿಯ ಕೊನೆಯ ಹಾದಿಗೆ ನಿಮ್ಮ ಫೋರ್ ಬೈ ಫೋರನ್ನು ಕೆಳಗೆ ನಿಲ್ಲಿಸಿ ಸ್ಥಳೀಯರ ಜೀಪು ಹತ್ತುವುದೇ ವಾಡಿಕೆ, ಕೊಡಚಾದ್ರಿಗೂ ಜೀಪೇ. ಆ ಜೀಪುಗಳ ವಯಸ್ಸನ್ನು ದೆಹಲಿಯ ಕ್ಯಾಮೆರಾ ಓದಿದರೆ ಧ್ವನಿವರ್ಧಕ ಗಂಟಲು ಹರಿದುಕೊಂಡೀತು. ಚಾಲಕ ಹವಾಯಿ ಚಪ್ಪಲಿಯಲ್ಲಿ ಕ್ಲಚ್ ಒತ್ತಿ, ಎಂಟು ಜನರನ್ನು ಕೂರಿಸಿಕೊಂಡು, ಕಲ್ಲಿನಿಂದ ಕಲ್ಲಿಗೆ ಗಾಡಿಯನ್ನು ದಾಟಿಸುತ್ತಾ ಪಕ್ಕದವನ ಜೊತೆ ಅಡಿಕೆ ಧಾರಣೆ ಮಾತಾಡುತ್ತಿರುತ್ತಾನೆ. ಅವನ ಫೋರ್ ಬೈ ಫೋರ್ ಲಿವರು ಅಂಗೈಗೆ ತಾಗಿ ತಾಗಿ ನುಣುಪಾಗಿದೆ.

ಲಘು ಆಫ್‌ರೋಡಿಂಗ್ ಎಂದು ನಾವು ಎಂಟು ಲಕ್ಷ ಕೊಟ್ಟು ಹುಡುಕಿಕೊಂಡು ಹೋಗುವ ಆ ಹಾದಿ ಯಾರದೋ ಮನೆಗೆ ಹೋಗುವ ರಸ್ತೆ. ಖಾನಾಪುರದ ಕಾಡಿನ ಊರುಗಳಿಂದ, ಉತ್ತರ ಕನ್ನಡದ ಗುಡ್ಡಗಳಿಂದ, ರೋಗಿಯನ್ನು ಜೋಲಿಯಲ್ಲಿ ಹೊತ್ತು ಇಳಿಸಿದ ಸುದ್ದಿ ಮಳೆಗಾಲ ಬಂದರೆ ತಪ್ಪದೆ ಬರುತ್ತದೆ. ಒಂದು ಫೋಟೋ, ಒಬ್ಬ ಅಧಿಕಾರಿಯ ‘ಪರಿಶೀಲಿಸುತ್ತೇವೆ’, ಮುಂದಿನ ವರ್ಷ ಮತ್ತೆ ಅದೇ ಫೋಟೋ. ದೇಶದಲ್ಲೇ ದುಬಾರಿಯೆನಿಸಿದ ವಾಹನ ತೆರಿಗೆಯನ್ನು ವಸೂಲಿ ಮಾಡುವ ರಾಜ್ಯಕ್ಕೆ ಅಲ್ಲೊಂದು ಕಾಲುಸಂಕವನ್ನಾದರೂ ನೆಟ್ಟಗೆ ಕಟ್ಟಲಾಗುವುದಿಲ್ಲ. ಇದರಲ್ಲಿ ತಮಾಷೆ ಏನನ್ನೂ ಹುಡುಕಲು ನನಗೆ ಆಗುತ್ತಿಲ್ಲ, ಹುಡುಕಿ ಹುಡುಕಿ ಸಾಕಾಗಿದೆ.

ಸ್ನೇಹಿತರು ಕೊನೆಗೆ ದೆಹಲಿಯ ಗಾಡಿಯ ಆಸೆ ಬಿಟ್ಟು, ಇಲ್ಲಿಯದೇ ನೋಂದಣಿಯ ಹಳೆಯ ಡಸ್ಟರ್ ಒಂದನ್ನು ಕೊಂಡರು. ಬಲ ಎರಡೇ ಚಕ್ರಕ್ಕೆ, ಹೊಟ್ಟೆಯ ಎತ್ತರ 205 ಮಿಲಿಮೀಟರ್. ಹೋಮ್‌ಸ್ಟೇಯ ಮಣ್ಣುದಾರಿಗೆ, ಕಾಫಿ ತೋಟದ ಅಂಚಿನಲ್ಲಿ ಟೆಂಟು ಹಾಕುವವರಿಗೆ ಅದಕ್ಕಿಂತ ಹೆಚ್ಚಿನದು ಬೇಡ. ಉಳಿದ ದುಡ್ಡಿನಲ್ಲಿ ಐದೂ ಟೈರು ಹೊಸದು ಹಾಕಿಸಿ, ಗಾಳಿ ತುಂಬುವ ಪಂಪೊಂದನ್ನು ಇಟ್ಟುಕೊಳ್ಳಿ ಎಂದೆ. ಟೈರು ಹಾಕಿಸಿದ್ದಾರೆ. ನಿನ್ನೆ ಫೋನು ಮಾಡಿದ್ದರು. ಭಾನುವಾರ ಗಿರಿಗೆ ಬೆಳಗಿನ ಪಾಳಿ ಭರ್ತಿಯಾಗಿದೆಯಂತೆ, ಮಧ್ಯಾಹ್ನದ್ದಕ್ಕೆ ಓಟಿಪಿ ಬರುವುದನ್ನು ಕಾಯುತ್ತಿದ್ದರು.